ಬ್ರಿಟನ್ನಿನ ವಿದ್ಯಾರ್ಥಿ ಸಾಲ: ಸಂಬಳದ ಮುರಿತವೂ ಹೆಚ್ಚುವರಿ ಹಣದ ಹಿಂಪಾವತಿಯೂ

ಇಂಗ್ಲೆಂಡು ಮತ್ತು ವೇಲ್ಸ್ ಪ್ರಾಂತಗಳಲ್ಲಿ ಪದವಿ ವಿದ್ಯಾರ್ಥಿಗಳಿಗೆ ಜೀವನವೆಚ್ಚದ ಸಹಾಯಧನವನ್ನು ಕೊಡುವುದು 1962ರ ಶಿಕ್ಷಣ ಶಾಸನದಿಂದ ಕಡ್ಡಾಯವಾಯಿತು. 1990ರ ಶಾಸನವು ಅದರ ಜೊತೆಗೆ ಸಾಲವನ್ನು ತಂದಿತು. ಆ ಸಾಲವನ್ನು ಸಾಲಗಾರನೇ ನಿಗದಿಯಾದ ಮಾಸಿಕ ಕಂತುಗಳಲ್ಲಿ ಸಲ್ಲಿಸಬೇಕಾಗಿದ್ದಿತು. 1998ರ ಶಾಸನವು ಈ ಕ್ರಮವನ್ನು ಬದಲಿಸಿ, ಮರುಪಾವತಿಯನ್ನು ವರಮಾನಕ್ಕೆ ಗಂಟುಹಾಕಿತು. ಅದರಂತೆ 2000ದ ಏಪ್ರಿಲ್ ತಿಂಗಳಿನಿಂದ, ವರ್ಷಕ್ಕೆ 10,000 ಪೌಂಡುಗಳನ್ನು ಮೀರಿದ ವರಮಾನದ ಮೇಲೆ ಶೇಕಡಾ 9ರಷ್ಟನ್ನು ಮಾಲೀಕರು ಸಂಬಳದಲ್ಲಿಯೇ ಮುರಿದುಕೊಂಡು ತೆರಿಗೆ ಇಲಾಖೆಗೆ ಕಟ್ಟತೊಡಗಿದರು. 2005ರಲ್ಲಿ ಈ ಮಿತಿಯು 15,000 ಪೌಂಡುಗಳಿಗೆ ಏರಿತು.

ಸಂಬಳದಲ್ಲಿ ವರಮಾನ ತೆರಿಗೆಯನ್ನು ಹಿಡಿಯುವ ವ್ಯವಸ್ಥೆಯು ಬ್ರಿಟನ್ನಿನಲ್ಲಿ 1944ರಿಂದಲೂ ಇದ್ದಿತು. ಸಾಲದ ವಸೂಲಿಗೆ ಅದೇ ಯಂತ್ರವನ್ನು ಬಳಸಿಕೊಂಡರೂ ಲೆಕ್ಕದ ತತ್ತ್ವವು ಒಂದೇ ಆಗಿರಲಿಲ್ಲ. ತೆರಿಗೆಯ ಲೆಕ್ಕವು ಸಾಮಾನ್ಯವಾಗಿ ವರ್ಷದ ಮೊದಲಿನಿಂದ ಕೂಡುತ್ತ ಬರುತ್ತದೆ. ಒಂದು ತಿಂಗಳಲ್ಲಿ ಹೆಚ್ಚು ಹಿಡಿದುದು ಮುಂದಿನ ತಿಂಗಳಲ್ಲಿ ಸರಿಹೋಗುತ್ತದೆ. ಸಾಲದ ಮುರಿತವಾದರೋ ಪ್ರತಿ ಸಂಬಳಕ್ಕೂ ಬೇರೆಬೇರೆಯಾದುದು. ಹಿಂದಿನ ತಿಂಗಳನ್ನು ಅದು ನೋಡುವುದಿಲ್ಲ. ಮಿತಿಯು ವರ್ಷದ್ದು, ಮುರಿತವು ತಿಂಗಳಿನದು. ಹೆಚ್ಚುವರಿ ವಸೂಲಿಯ ಒಂದು ಮೂಲವು ಈ ಅಂತರದಲ್ಲಿಯೇ ಇದೆ.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮಿತಿಯು 15,000 ಪೌಂಡುಗಳಿದ್ದಾಗ ತಿಂಗಳ ಮಿತಿಯು 1,250 ಪೌಂಡುಗಳಾಗುತ್ತಿದ್ದಿತು. ವರ್ಷದಲ್ಲಿ ಆರೇ ತಿಂಗಳು, ತಿಂಗಳಿಗೆ 2,000 ಪೌಂಡುಗಳಂತೆ ದುಡಿದವನ ಸಂಬಳದಲ್ಲಿ, ಪೌಂಡಿನ ಭಾಗವನ್ನು ಬಿಟ್ಟು, ಪ್ರತಿ ತಿಂಗಳೂ 67 ಪೌಂಡುಗಳು ಮುರಿಯುತ್ತಿದ್ದುವು. ಒಟ್ಟು 402 ಪೌಂಡುಗಳು. ಆದರೆ ಅವನ ವಾರ್ಷಿಕ ವರಮಾನವು 12,000 ಪೌಂಡುಗಳು ಮಾತ್ರ. ನ್ಯಾಯವಾಗಿ ಅವನು ಆ ವರ್ಷ ಏನನ್ನೂ ಕೊಡಬೇಕಾಗಿರಲಿಲ್ಲ. ವರ್ಷ ಮುಗಿದ ಬಳಿಕ ಆ ಹಣವನ್ನು ಹಿಂದಕ್ಕೆ ಕೇಳುವ ಹಕ್ಕು ಅವನಿಗಿದ್ದಿತು. ಆದರೆ ಕೇಳಬೇಕೆಂಬುದು ಅವನಿಗೆ ತಿಳಿದಿರಬೇಕಾಗಿದ್ದಿತು.

ಎರಡನೆಯ ಕಾರಣವು ಆಡಳಿತಕ್ಕೆ ಸಂಬಂಧಿಸಿದುದು. ಹಣವನ್ನು ವಸೂಲು ಮಾಡುವುದು ತೆರಿಗೆ ಇಲಾಖೆ. ಸಾಲದ ಖಾತೆಯನ್ನಿಡುವುದು ಗ್ಲಾಸ್ಗೋ ನಗರದ ವಿದ್ಯಾರ್ಥಿ ಸಾಲ ಸಂಸ್ಥೆ. ಬಹುಕಾಲ ಈ ಎರಡರ ನಡುವೆ ಲೆಕ್ಕದ ವಿನಿಮಯವು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತಿದ್ದಿತು. ಆದುದರಿಂದ ಸಾಲವು ತೀರಿದ ಮೇಲೂ ಅನೇಕರ ಸಂಬಳದಲ್ಲಿ ಮುರಿತವು ಮುಂದುವರಿಯಿತು. ಇದನ್ನು ತಪ್ಪಿಸಲು, ಸಾಲ ತೀರುವ ಕೊನೆಯ ಅವಧಿಯಲ್ಲಿ ಬ್ಯಾಂಕಿನ ಮೂಲಕ ನೇರವಾಗಿ ಪಾವತಿಮಾಡುವ ಅವಕಾಶವನ್ನು ಕಲ್ಪಿಸಲಾಯಿತು. 2019ರಿಂದ ಈಚೆಗೆ ಲೆಕ್ಕದ ವಿನಿಮಯವು ವರ್ಷದ ನಡುವೆಯೇ ಆಗಿಂದಾಗ್ಗೆ ನಡೆಯುತ್ತಿದೆ.

ಇದಕ್ಕೆ ಹೋಲಿಸಬೇಕಾದುದು ಆಸ್ಟ್ರೇಲಿಯದ ಪದ್ಧತಿ. ಅಲ್ಲಿ 1989ರಲ್ಲಿಯೇ ವರಮಾನವನ್ನನುಸರಿಸಿದ ಮರುಪಾವತಿಯು ಜಾರಿಗೆ ಬಂದಿತು. ಸಂಬಳದಲ್ಲಿ ಮುಂಗಡವಾಗಿ ಹಿಡಿದರೂ, ಸಲ್ಲಬೇಕಾದ ಮೊತ್ತವು ನಿಶ್ಚಯವಾಗುವುದು ವರ್ಷಾಂತ್ಯದ ತೆರಿಗೆ ಲೆಕ್ಕದಲ್ಲಿ. ಹೆಚ್ಚು ಹಿಡಿದ ಹಣವು ಆ ಲೆಕ್ಕದಲ್ಲಿಯೇ ತಾನಾಗಿ ಹೊಂದಾಣಿಕೆಯಾಗುತ್ತದೆ.

ಬಡವನಿಗೆ ಸಾಲವು ಹೊರೆಯಾಗಬಾರದೆಂಬುದು 1998ರ ಸುಧಾರಣೆಯ ಆಶಯವಾಗಿದ್ದಿತು. ಆದರೆ ಮಾಸಿಕ ಲೆಕ್ಕದ ಹೆಚ್ಚುವರಿ ವಸೂಲಿಯು ಮುಖ್ಯವಾಗಿ ತಟ್ಟಿದುದು ಸ್ಥಿರವಾದ ಕೆಲಸವಿಲ್ಲದವರಿಗೆ, ವರ್ಷದ ನಡುವೆ ಕೆಲಸಕ್ಕೆ ಸೇರಿದವರಿಗೆ. ಶಾಸನವು ಕೊಟ್ಟ ರಕ್ಷಣೆಯು ಲೆಕ್ಕದ ಕ್ರಮದಲ್ಲಿ ಸೋರಿಹೋಗಬಹುದೆಂಬುದಕ್ಕೆ ಈ ಚರಿತ್ರೆಯು ಒಂದು ನಿದರ್ಶನ. ಆದಕಾರಣ ಶಿಕ್ಷಣನೀತಿಯ ಅಭ್ಯಾಸಿಗಳು ಶಾಸನದ ಉದ್ದೇಶವನ್ನಷ್ಟೇ ಅಲ್ಲದೆ, ಸಂಬಳದ ಚೀಟಿಯನ್ನೂ ಓದಬೇಕಾಗುತ್ತದೆ.