ದೂರದ ಶಿಷ್ಯ, ಮರಳುವ ಓಲೆ

ಗುರುವೊಂದೆಡೆ, ಶಿಷ್ಯನೊಂದೆಡೆ ಇದ್ದು ನಡೆಯುವ ಪಾಠದಲ್ಲಿ ಶಿಷ್ಯನ ಚಿತ್ತವನ್ನು ಹಿಡಿದು ನಿಲ್ಲಿಸುವ ಬಗೆ ಯಾವುದೆಂಬ ಚಿಂತೆಯು, 2020ರಲ್ಲಿ ಶಾಲೆ ಕಾಲೇಜುಗಳ ಬಾಗಿಲು ಮುಚ್ಚಿ ಅಧ್ಯಾಪಕರೆಲ್ಲರೂ ಆನ್‌ಲೈನ್ ತರಗತಿಗಳನ್ನು ನಡೆಸಬೇಕಾಗಿ ಬಂದಂದು ಹುಟ್ಟಿದುದೆಂದು ಅನೇಕರು ಭಾವಿಸಿರುವರು. ಅದು ಅಗ್ಗದ ಅಂಚೆಯಷ್ಟೇ ಹಳೆಯದು. 1840ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಾಗ, ಐಸಾಕ್ ಪಿಟ್‌ಮನ್ ತಾನು ಕಲ್ಪಿಸಿದ ಶೀಘ್ರಲಿಪಿಯನ್ನು ಅದರ ಮೂಲಕವೇ ಕಲಿಸತೊಡಗಿದನು. ವಿದ್ಯಾರ್ಥಿಗಳು ಬೈಬಲ್ಲಿನ ಭಾಗಗಳನ್ನು ಆ ಲಿಪಿಯಲ್ಲಿ ಬರೆದು ಕಳುಹಿಸುವರು, ಅವು ತಿದ್ದಿಸಿಕೊಂಡು ಹಿಂದಿರುಗುವುವು. ಪಾಠವನ್ನು ಅಚ್ಚುಮಾಡಿಸಿ ಹಂಚುವ ಕಾರ್ಯ ಅದಕ್ಕೆ ಮೊದಲೇ ಇದ್ದಿತು; ತಿದ್ದಿದ ಹಾಳೆ ಮರಳಿ ಬಂದದ್ದೇ ಹೊಸತು. ದೂರಬೋಧನೆಯ ಇತಿಹಾಸವನ್ನು ಆ ಮರುಟಪ್ಪಾಲಿನ ಇತಿಹಾಸವೆಂದೇ ನಾನು ಓದಿಕೊಳ್ಳುತ್ತೇನೆ.

ಅದರ ಅತ್ಯಂತ ಸುಂದರವಾದ ಅಧ್ಯಾಯ ನಡೆದದ್ದು ಅಮೆರಿಕದ ಬಾಸ್ಟನ್ನಿನಲ್ಲಿ. ಸ್ಪ್ಯಾನಿಷ್ ಸಾಹಿತ್ಯದ ಚರಿತ್ರೆಯನ್ನು ಬರೆದ ವಿದ್ವಾಂಸ ಜಾರ್ಜ್ ಟಿಕ್ನರನ ಮಗಳು ಆನಾ ಎಲಿಯಟ್ ಟಿಕ್ನರ್, ಉಚ್ಚಶಿಕ್ಷಣದ ದ್ವಾರಗಳು ಸ್ತ್ರೀಯರಿಗೆ ಬಹುಮಟ್ಟಿಗೆ ಮುಚ್ಚಿದ್ದ ಆ ಕಾಲದಲ್ಲಿ, 1873ರಲ್ಲಿ, ಮನೆಯಲ್ಲಿಯೇ ಕುಳಿತು ವ್ಯಾಸಂಗ ಮಾಡಬಯಸುವ ಹೆಂಗಸರಿಗಾಗಿ ಒಂದು ಸಂಘವನ್ನು ಸ್ಥಾಪಿಸಿದಳು. ಅಲ್ಲಿ ಕಲಿಸುವವರೂ ಸ್ತ್ರೀಯರೇ. ಕಲಿಸುವುದು ಪತ್ರದ ಮೂಲಕ. ವಿದ್ಯಾರ್ಥಿನಿಯು ಗ್ರಂಥವನ್ನು ಓದಿ, ಮುಚ್ಚಿಟ್ಟು, ನೆನಪಿನಲ್ಲಿ ನಿಂತುದನ್ನು ಮಾತ್ರ ಬರೆಯಬೇಕು. ತಿಂಗಳಿಗೊಮ್ಮೆ ಗುರುವಿಗೆ ಪತ್ರ ಹೋಗಬೇಕು, ಗುರುವಿನಿಂದ ಉತ್ತರ ಬರಬೇಕು. ಪುಸ್ತಕ ದೊರೆಯದ ಊರುಗಳಿಗೆ ಸಂಘದ ಗ್ರಂಥಭಂಡಾರದಿಂದ ಪುಸ್ತಕಗಳೂ ಅಂಚೆಯಲ್ಲಿ ಹೋಗುತ್ತಿದ್ದುವು. ಈ ಮಾಸಪತ್ರದ ನಿಯಮದಲ್ಲಿ ಎಂತಹ ಮನೋಜ್ಞಾನ ಅಡಗಿದೆಯೆಂಬುದನ್ನು ಪಾಠ ಹೇಳಿದವರೇ ಬಲ್ಲರು: ತನ್ನ ಅಕ್ಷರಕ್ಕಾಗಿ ಒಬ್ಬರು ಎಲ್ಲಿಯೋ ಕಾದಿರುವರೆಂಬ ಅರಿವು, ಅಡುಗೆ, ಮಕ್ಕಳು, ರೋಗಿಗಳ ಶುಶ್ರೂಷೆ ಇವುಗಳ ನಡುವೆ ಅರ್ಧಗಂಟೆಯನ್ನು ಉಳಿಸಿಕೊಳ್ಳುವ ಬಲವನ್ನು ಕೊಡುತ್ತದೆ. ಇಪ್ಪತ್ತನಾಲ್ಕು ವರ್ಷಗಳಲ್ಲಿ 7000ಕ್ಕೂ ಹೆಚ್ಚು ಸ್ತ್ರೀಯರು ಈ ಸಂಘದಲ್ಲಿ ಓದಿದರು. 1896ರಲ್ಲಿ ಟಿಕ್ನರ್ ತೀರಿಕೊಂಡಳು. ಮರುವರ್ಷವೇ ಸಂಘವೂ ಮುಗಿಯಿತು. ಸಂಸ್ಥೆಯೊಂದು ಒಬ್ಬ ವ್ಯಕ್ತಿಯ ಪ್ರೀತಿಯ ಮೇಲೆ ಎಷ್ಟು ಆತುಕೊಂಡಿರಬಲ್ಲುದೆಂಬುದನ್ನು ನೆನೆದು ಮನಸ್ಸು ಭಾರವಾಗುತ್ತದೆ.

ಓಲೆಯ ಸ್ಥಾನವನ್ನು ಧ್ವನಿ ಪಡೆದುಕೊಂಡದ್ದು ಆಸ್ಟ್ರೇಲಿಯದ ಒಳನಾಡಿನಲ್ಲಿ. ನೆರೆಮನೆಯೆಂಬುದೇ ಇಲ್ಲದ ವಿಶಾಲವಾದ ಪಶುಪಾಲನ ಕ್ಷೇತ್ರಗಳಲ್ಲಿ ಬೆಳೆಯುತ್ತಿದ್ದ ಮಕ್ಕಳಿಗೆ ಅಂಚೆಪಾಠಗಳು ಬರುತ್ತಿದ್ದುವಾದರೂ ಅವರು ಇತರರೊಡನೆ ಬಾಯಿಬಿಟ್ಟು ಮಾತನಾಡಲು ನಾಚುತ್ತಿದ್ದುದನ್ನು ಅಡಿಲೇಡ್ ಮೀಥ್ಕಿ ಎಂಬ ಶಿಕ್ಷಣತಜ್ಞೆ ಕಂಡು, ವಿಮಾನದಲ್ಲಿ ಬಂದು ಚಿಕಿತ್ಸೆ ಮಾಡುವ ‘ಹಾರುವ ವೈದ್ಯ’ರನ್ನು ಕರೆಯಲು ಮನೆಮನೆಯಲ್ಲಿ ಇರಿಸಿದ್ದ ಇಮ್ಮುಖ ರೇಡಿಯೋವನ್ನು ಪಾಠಕ್ಕೂ ಬಳಸಬಹುದೆಂದು ಸೂಚಿಸಿದಳು. 1951ರ ಜೂನ್ ತಿಂಗಳಲ್ಲಿ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದ ಹಾರುವ ವೈದ್ಯರ ನೆಲೆಯಿಂದ ಆಕಾಶಶಾಲೆ ಆರಂಭವಾಯಿತು. ಮೊದಮೊದಲು ಉಪಾಧ್ಯಾಯರು ಹೇಳುವುದು, ಮಕ್ಕಳು ಕೇಳುವುದು, ಇಷ್ಟೇ. ಆದರೆ ಬಹುಬೇಗನೆ ಪ್ರತಿ ಪಾಠದ ಕೊನೆಗೂ ಪ್ರಶ್ನೋತ್ತರಕ್ಕೆ ವೇಳೆಯನ್ನು ಸೇರಿಸಿದರು. ಒಂದು ಮಗುವಿನ ಉತ್ತರ ಗುರುವಿಗೆ ಮಾತ್ರವಲ್ಲದೆ ನೂರಾರು ಮೈಲಿ ಆಚೆಯ ಸಹಪಾಠಿಗೂ ಕೇಳಿಸುವಂತಾಯಿತು. ಎಂದೂ ಒಂದು ಬೆಂಚಿನ ಮೇಲೆ ಕುಳಿತಿರದ ಮಕ್ಕಳು ಒಂದು ತರಗತಿಯಾದರು. ಇಂದು ಪರದೆಯ ಮುಂದೆ ಒಂದು ಗಂಟೆ ತಡೆಯಿಲ್ಲದೆ ಮಾತನಾಡಿ ಮುಗಿಸುವ ಪಾಠವು ಆ ಮೊದಮೊದಲಿನ, ಕೂಡಲೇ ತಿದ್ದಿಕೊಂಡ ಪದ್ಧತಿಗೆ ಹಿಂದಿರುಗಿದಂತೆ ನನಗೆ ತೋರುತ್ತದೆ. ಉಪಕರಣ ಎಷ್ಟು ಉತ್ತಮವಾದರೂ ಶಿಷ್ಯನ ಧ್ವನಿಗೆ ಅಂತಹ ಪಾಠದಲ್ಲಿ ಎಡೆಯಿಲ್ಲ.

ನಮ್ಮ ದೇಶದಲ್ಲಿ ಅಂಚೆ ಶಿಕ್ಷಣವನ್ನು 1962ರಲ್ಲಿ ದೆಹಲಿ ವಿಶ್ವವಿದ್ಯಾನಿಲಯ ಆರಂಭಿಸಿತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆ ದಾರಿ ಹಿಡಿಯಿತು. ಉದ್ಯೋಗ ಬಿಡಲಾಗದವರು, ಕಾಲೇಜಿಗೆ ಹೋಗುವ ವಯಸ್ಸು ಮೀರಿದವರು, ಮನೆಯ ಹೊಣೆ ಹೊತ್ತವರು ಅಚ್ಚಾದ ಪಾಠಗಳನ್ನು ಅಂಚೆಯಲ್ಲಿ ಪಡೆದು ಓದಿದರು. ಅವರಿಗಾಗಿ ಏರ್ಪಟ್ಟ ಸಂಪರ್ಕ ತರಗತಿಗಳಲ್ಲಿ, ಪಾಠದ ಹಾಳೆಯ ಮೇಲೆ ಕೇವಲ ಹೆಸರಾಗಿದ್ದ ಗುರುವು ಮುಖವಾಗಿ ಎದುರು ನಿಂತು, ತಿಂಗಳುಗಳ ಸಂಶಯಗಳನ್ನು ಕೇಳಿಸಿಕೊಳ್ಳುವ ಅವಕಾಶವಾಯಿತು. 1996ರಲ್ಲಿ ಅದೇ ಬೇರಿನಿಂದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು ರೂಪುಗೊಂಡಾಗಲೂ ಸಂಪರ್ಕ ತರಗತಿಗಳು ಉಳಿದುಬಂದುವು.