ಸೀಗೆ, ಸಪ್ತಲಾ, ಕೇಶರಂಜನ

ಕೃಷ್ಣಾತೀರದ ತಿಂಥಣಿಯನ್ನೊಳಗೊಂಡ ಸುರಪುರ ಸೀಮೆಯ ಆಡುಮಾತಿನಲ್ಲಿ ಸೀಗೆಯು ‘ಶೀಗಿ’ಯೆನಿಸುವುದು. ಅಭ್ಯಂಗದ ಬಳಿಕ ಇದರ ಪುಡಿಯು ಜಿಡ್ಡನ್ನು ತೆಗೆದು ಕೂದಲನ್ನು ನಯಗೊಳಿಸುವುದೇ ಹೊರತು ಬಣ್ಣವನ್ನು ಮಾರ್ಪಡಿಸದು. ಈ ಭೇದವು ನಿಘಂಟುಕಾರರ ಹೆಸರುಗಳಲ್ಲಿಯೇ ಇದೆ. 16ನೆಯ ಶತಮಾನದ ಭಾವಮಿಶ್ರನು ಗರುಗಕ್ಕೆ ‘ಕೇಶರಂಜನ’ವೆಂಬ ಪರ್ಯಾಯವನ್ನು ಕೊಟ್ಟಿರುವನು, ಅಮರಸಿಂಹನು ಅಂಟುವಾಳಕ್ಕೆ ಹೇಳಿದ ‘ಫೇನಿಲ’ದಲ್ಲಿ ನೊರೆಯ ಮಾತಷ್ಟೇ ಉಂಟು, ವರ್ಣದ ಮಾತಿಲ್ಲ.

ಸೀಗೆಯ ವಿಷಯವು ಇಷ್ಟು ಸುಲಭವಲ್ಲ. ಅಮರಕೋಶದ ‘ಸಪ್ತಲಾ’ವನ್ನು ಕೆಲವರು ಸೀಗೆಯೆಂದು ಗ್ರಹಿಸುವರು, ‘ಭೂರಿಫೇನಾ’ ಎಂಬ ಪರ್ಯಾಯವು ಅವರಿಗೆ ಅನುಕೂಲವೇ ಸರಿ. ಆದರೆ ಚರಕಸಂಹಿತೆಯ ಕಲ್ಪಸ್ಥಾನದ 11ನೆಯ ಅಧ್ಯಾಯದಲ್ಲಿ ಸಪ್ತಲೆಯು ವಿರೇಚನದ್ರವ್ಯವಾಗಿ ಬಂದಿದೆ, ಕೇಶದ್ರವ್ಯವಾಗಿ ಅಲ್ಲ. ನೊರೆಗೆ ಕಾರಣವಾದ ಸಾಪೊನಿನ್ ಅನೇಕ ಸಸ್ಯಕುಲಗಳಲ್ಲಿ ಇರುವುದರಿಂದ, ನೊರೆಯೊಂದರ ಸಾಮ್ಯವನ್ನೇ ನೆಚ್ಚಿ ಇವೆರಡನ್ನು ಒಂದೆನ್ನುವುದು ದುಡುಕಾದೀತು.

‘ಶಿಖೆ’ಯಿಂದ ಶೀಗೆಕಾಯಿ ಹುಟ್ಟಿತೆಂಬ ವ್ಯುತ್ಪತ್ತಿಯಂತೂ ನಿಲ್ಲದು. ಕನ್ನಡದ ಸೀಗೆ, ತಮಿಳಿನ ಸೀಯಕ್ಕಾಯ್, ತೆಲುಗಿನ ಸೀಕಾಯ ಇವು ಸಜಾತೀಯ ದ್ರಾವಿಡ ಪದಗಳು. ಶಿಖಾಶಬ್ದದ ಹ್ರಸ್ವ ಇಕಾರವು ಮೂರು ಭಾಷೆಗಳಲ್ಲಿಯೂ ಒಮ್ಮೆಗೇ ದೀರ್ಘವಾಯಿತೆನ್ನಲು ಕಾರಣವೇನು? ಸುರಪುರದ ಕಡೆಯ ‘ಶೀಗಿ’ಯ ಶಕಾರವನ್ನು ಇದಕ್ಕೆ ಸಾಕ್ಷಿಯಾಗಿ ತರುವಂತಿಲ್ಲ. ಸೀರೆಯು ಅಲ್ಲಿ ‘ಶೀರಿ’ಯಾದಂತೆ, ಅದೂ ಮುಂದಿನ ಈಕಾರದ ಪ್ರಭಾವದಿಂದಾದ ಉಚ್ಚಾರಭೇದವು.