ಬೇಲಿ ಕಿತ್ತವರ ಹೊಣೆ: ಸಾಲ, ಸರಕಾರ ಮತ್ತು ನಾವು

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಸಾಲದ ಕುರಿತಾಗಿದೆ. ಅಲ್ ಬಕರ ಅಧ್ಯಾಯದ 282ನೆಯ ಆ ಸೂಕ್ತವು ಸಾಲವನ್ನು ಬರೆದಿಡಬೇಕೆಂದೂ, ಬರೆಯುವವನು ನ್ಯಾಯದಿಂದ ಬರೆಯಬೇಕೆಂದೂ, ಸಾಕ್ಷಿಗಳಿರಬೇಕೆಂದೂ ವಿಧಿಸುತ್ತದೆ. ಪತ್ರದ ಮಾತುಗಳನ್ನು ಹೇಳಿ ಬರೆಸುವ ಹಕ್ಕನ್ನು ಅದು ಸಾಲ ಪಡೆಯುವವನಿಗೆ ಕೊಡುತ್ತದೆ. ಅದಕ್ಕೆ ಎರಡು ಸೂಕ್ತಗಳ ಹಿಂದೆ, ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ನೀಡಬೇಕು, ಬಿಟ್ಟುಕೊಟ್ಟರೆ ಇನ್ನೂ ಒಳ್ಳೆಯದು ಎಂಬ ಆದೇಶವಿದೆ. ಇದನ್ನು ನಾವು ವ್ಯಕ್ತಿಗಳಿಗೆ ನೀಡಿದ ಉಪದೇಶವೆಂದು ಮಾತ್ರ ಓದುತ್ತಾ ಬಂದಿದ್ದೇವೆ. ಆದರೆ ಸಾಲಕ್ಕೆ ನಿಯಮದ ಬೇಲಿ ಇರಬೇಕೆಂಬ ತತ್ವವೂ ಇದರಲ್ಲಿದೆ. ಬೇಲಿ ಇರಬೇಕೆಂದಾದರೆ ಅದನ್ನು ಕಾಯುವವರೂ ಇರಬೇಕು. ಬೇಲಿ ಕಿತ್ತುಹೋದಾಗ ಯಾರನ್ನು ಕೇಳಬೇಕು ಎಂಬ ಪ್ರಶ್ನೆಯನ್ನು ಇತಿಹಾಸದ ಬೆಳಕಿನಲ್ಲಿ ನೋಡುವುದು ಈ ಲೇಖನದ ಉದ್ದೇಶ.

ಸಿರುಗುಪ್ಪ ತಾಲೂಕಿನ ಹಚ್ಚೊಳ್ಳಿಯ ಕಡೆಯ ಓದುಗರಿಗೆ ಈ ಪ್ರಶ್ನೆ ದೂರದ್ದಲ್ಲ. ಭತ್ತದ ನಾಟಿಗೆ, ಗೊಬ್ಬರಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಸಾಲ ಬೇಕಾಗುತ್ತದೆ. ಮನೆಯ ಹೆಂಗಸರು 'ಸಂಘದ ಸಾಲ' ಎಂದು ಕರೆಯುವ ಮೈಕ್ರೋಫೈನಾನ್ಸ್ ಕಂತು ಇಂದು ನಮ್ಮ ಹಳ್ಳಿಗಳ ಬದುಕಿನ ಭಾಗವಾಗಿದೆ. ಕಂತು ತಪ್ಪಿದಾಗ ಕೇಳಿಬರುವ ಮಾತು ಒಂದೇ: ತೀರಿಸುವ ಯೋಗ್ಯತೆ ಇಲ್ಲದವರು ಸಾಲ ಮಾಡಿದ್ದೇಕೆ? ಕೊಟ್ಟವರು ಏನು ನೋಡಿ ಕೊಟ್ಟರು, ಕೊಡಲು ಬಿಟ್ಟವರು ಯಾರು ಎಂದು ಕೇಳುವವರು ಕಡಿಮೆ.

ನಮ್ಮ ಜಿಲ್ಲೆಗೆ ಈ ಅನುಭವ ಹಳೆಯದು. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪೆನಿಗೆ ಬಿಟ್ಟುಕೊಟ್ಟರು. 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹೆಸರಿನೊಂದಿಗೆ ರಯತವಾರಿ ಪದ್ಧತಿ ಬೆಸೆದುಕೊಂಡಿದೆ. ರೈತನು ನೇರವಾಗಿ ಸರಕಾರಕ್ಕೆ ನಗದಿನಲ್ಲಿ ಕಂದಾಯ ಕಟ್ಟಬೇಕೆಂಬುದು ಅದರ ಮೂಲ. ಮಳೆ ಬಂದರೂ ಬಾರದಿದ್ದರೂ ಕಿಸ್ತಿನ ದಿನ ಬರುತ್ತಿತ್ತು. ಕೈಯಲ್ಲಿ ನಗದಿಲ್ಲದ ರೈತ ಸಾಹುಕಾರನ ಬಾಗಿಲು ತಟ್ಟುತ್ತಿದ್ದ. 1876-78ರ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತ್ಯದ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ರೈತನ ಸಾಲಕ್ಕೆ ಸಾಹುಕಾರನ ದುರಾಸೆಯೊಂದೇ ಕಾರಣವಾಗಿರಲಿಲ್ಲ. ನಗದು ಮತ್ತು ದಿನಾಂಕ ಎರಡನ್ನೂ ಗೊತ್ತುಮಾಡಿದ್ದು ಸರಕಾರ. ಹಳ್ಳಿಯ ಸಾಲದ ಕುರಿತು ಫ್ರೆಡರಿಕ್ ನಿಕಲ್ಸನ್ ಅವರು ಮದ್ರಾಸ್ ಸರಕಾರಕ್ಕೆ ವರದಿ ಸಲ್ಲಿಸಿದ್ದು 1895 ಮತ್ತು 1897ರಲ್ಲಿ. ಸಹಕಾರ ಸಂಘಗಳ ಕಾಯಿದೆ ಬಂದದ್ದು 1904ರಲ್ಲಿ. ಮರುವರ್ಷ ನಮ್ಮ ನೆರೆಯ ಗದಗ ಸೀಮೆಯ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿತು. ಕ್ಷಾಮ ಕಳೆದು ಬೇಲಿ ಕಟ್ಟುವಷ್ಟರಲ್ಲಿ ಒಂದು ತಲೆಮಾರು ಉರುಳಿತ್ತು.

ಇದೇ ಕಥೆ ಶತಮಾನದ ಬಳಿಕ ಲೋಕದ ಅತಿ ಶ್ರೀಮಂತ ದೇಶದಲ್ಲಿ ನಡೆಯಿತು. 1930ರ ದಶಕದ ಮಹಾಕುಸಿತದಿಂದ ಪಾಠ ಕಲಿತ ಅಮೇರಿಕವು ಜನರ ಠೇವಣಿ ಇಡುವ ಬ್ಯಾಂಕುಗಳನ್ನು ಶೇರು ಮಾರುಕಟ್ಟೆಯ ಸಟ್ಟಾ ವ್ಯವಹಾರದಿಂದ ದೂರವಿಡುವ ಕಾನೂನನ್ನು 1933ರಲ್ಲಿ ಮಾಡಿತ್ತು. 1999ರಲ್ಲಿ ಆ ತಡೆಗೋಡೆಯ ಮುಖ್ಯ ಭಾಗವನ್ನು ಕೆಡವಲಾಯಿತು. ಎರಡೂ ಪಕ್ಷಗಳ ಸದಸ್ಯರು ಅದಕ್ಕೆ ಮತ ಹಾಕಿದರು, ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದರು. ಮೋಸದ ಗೃಹಸಾಲವನ್ನು ತಡೆಯುವ ಅಧಿಕಾರವನ್ನು 1994ರ ಕಾನೂನು ಅಲ್ಲಿನ ಕೇಂದ್ರ ಬ್ಯಾಂಕಿಗೆ ಕೊಟ್ಟಿತ್ತು. ಆ ಅಧಿಕಾರವನ್ನು ಬಳಸಿ ವ್ಯಾಪಕ ನಿಯಮಗಳನ್ನು ರೂಪಿಸಿದ್ದು 2008ರ ಜುಲೈಯಲ್ಲಿ, ಮನೆಗೆ ಬೆಂಕಿ ಬಿದ್ದ ಮೇಲೆ. ಕೆಲವು ರಾಜ್ಯಗಳು ತಮ್ಮದೇ ಕಠಿಣ ಕಾನೂನು ಮಾಡಿದಾಗ, ರಾಷ್ಟ್ರೀಯ ಬ್ಯಾಂಕುಗಳಿಗೆ ಅವು ಅನ್ವಯಿಸುವುದಿಲ್ಲವೆಂದು 2004ರಲ್ಲಿ ಕೇಂದ್ರದ ನಿಯಂತ್ರಕರು ಘೋಷಿಸಿದರು.

ಬೇಲಿ ಇಲ್ಲದ ಹೊಲದಲ್ಲಿ ನಡೆಯಬೇಕಾದದ್ದೇ ನಡೆಯಿತು. ಸಾಲಗಾರನ ಆದಾಯಕ್ಕೆ ಪುರಾವೆಯನ್ನೂ ಕೇಳದೆ ಮನೆಸಾಲ ಕೊಟ್ಟರು. ಕೊಟ್ಟ ಸಾಲವನ್ನು ಕಟ್ಟುಕಟ್ಟಿ ಇನ್ನೊಬ್ಬರಿಗೆ ಮಾರಿದರು. ಸಾಲ ತೀರದಿದ್ದರೆ ನಷ್ಟ ತನ್ನದಲ್ಲವೆಂದಾದ ಮೇಲೆ, ತೀರಿಸಬಲ್ಲನೇ ಎಂದು ಕೇಳುವ ಅಗತ್ಯ ಕೊಟ್ಟವನಿಗೆ ಉಳಿಯಲಿಲ್ಲ. ಮನೆಗಳ ಬೆಲೆ ಇಳಿಯತೊಡಗಿದಾಗ ಇಡೀ ಗೋಪುರ ಅಲುಗಿತು. 2008ರ ಸೆಪ್ಟೆಂಬರ್ 15ರಂದು ಲೆಹ್ಮನ್ ಬ್ರದರ್ಸ್ ದಿವಾಳಿಯಾಯಿತು. ಅಕ್ಟೋಬರಿನಲ್ಲಿ ಹಣಕಾಸು ಸಂಸ್ಥೆಗಳ ರಕ್ಷಣೆಗೆ 70,000 ಕೋಟಿ ಡಾಲರ್‌ಗಳ ಯೋಜನೆ ಮಂಜೂರಾಯಿತು. ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಂಡವು. ಕೇಂದ್ರ ಬ್ಯಾಂಕಿನ ಮಾಜಿ ಮುಖ್ಯಸ್ಥ ಅಲನ್ ಗ್ರೀನ್‌ಸ್ಪ್ಯಾನ್ ಅದೇ ತಿಂಗಳು ಸಂಸತ್ತಿನ ಸಮಿತಿಯ ಮುಂದೆ ತಾವು ನಂಬಿದ ಸಿದ್ಧಾಂತದಲ್ಲೇ ದೋಷವಿತ್ತೆಂದು ಒಪ್ಪಿಕೊಂಡರು. ಈ ಅನಾಹುತವನ್ನು ತಪ್ಪಿಸಬಹುದಾಗಿತ್ತು ಎಂದು 2011ರಲ್ಲಿ ಅಧಿಕೃತ ತನಿಖಾ ಆಯೋಗ ತೀರ್ಮಾನಿಸಿತು. ಮನೆ ಕಳೆದುಕೊಂಡವರಿಗೆ ಆ ತೀರ್ಮಾನದಿಂದ ಮನೆ ಮರಳಿ ಸಿಗಲಿಲ್ಲ.

ಲೆಹ್ಮನ್ ಬಿದ್ದ ಕೆಲವೇ ತಿಂಗಳಲ್ಲಿ, 2009ರಲ್ಲಿ, ನಮ್ಮದೇ ರಾಜ್ಯದ ರೇಷ್ಮೆ ಪಟ್ಟಣಗಳಲ್ಲಿ ಸಣ್ಣ ಪ್ರಮಾಣದ ಅಂಥದೇ ಕುಸಿತ ಕಂಡುಬಂತು. ಕೋಲಾರ, ಶಿಡ್ಲಘಟ್ಟ, ರಾಮನಗರಗಳ ಮುಸ್ಲಿಮ್ ಮೊಹಲ್ಲಾಗಳಲ್ಲಿ ಹಲವು ಮೈಕ್ರೋಫೈನಾನ್ಸ್ ಸಂಸ್ಥೆಗಳು ಪೈಪೋಟಿಯಿಂದ ಸಾಲ ಹಂಚಿದ್ದವು. ಒಂದೇ ಮನೆಗೆ ಮೂರು ನಾಲ್ಕು ಕಡೆಯ ಸಾಲ. ಒಂದರ ಕಂತು ತೀರಿಸಲು ಇನ್ನೊಂದು. ಕೆಲಸ ಕುಗ್ಗಿದಾಗ ಕಂತು ನಿಂತಿತು. ಮಹಿಳೆಯರ ಮೇಲಿನ ಒತ್ತಡದಿಂದ ರೋಸಿದ ಸ್ಥಳೀಯ ಅಂಜುಮನ್‌ಗಳು ಈ ಸಂಸ್ಥೆಗಳೊಂದಿಗೆ ವ್ಯವಹರಿಸಬಾರದು, ಕಂತು ಕಟ್ಟಬಾರದು ಎಂದು ಸಾರಿದವು.

ಈ ನಿರ್ಧಾರವನ್ನು ನಾವು ಹೇಗೆ ನೋಡಬೇಕು? ನೊಂದವರ ಪರ ನಿಂತದ್ದು ಸರಿ. ಬಡ್ಡಿ ನಿಷಿದ್ಧವೆಂದು ನೆನಪಿಸಿದ್ದೂ ಸರಿ. ಆದರೆ ಬಡ್ಡಿಯನ್ನು ತೊರೆಯಿರೆಂದ ಕುರ್‌ಆನ್, ಅಸಲು ಕೊಟ್ಟವನ ಹಕ್ಕೆಂದೂ ಅದೇ ಉಸಿರಿನಲ್ಲಿ ಹೇಳಿದೆ. ಅಸಲನ್ನೇ ತಡೆಹಿಡಿಯುವುದಕ್ಕೆ ಧರ್ಮದ ಹೆಸರು ಕೊಡಲಾಗದು. ಇನ್ನೂ ಒಂದು ಮಾತು. ಸಾಲದ ಬಾಗಿಲು ಮುಚ್ಚಿದ ಮೇಲೆ ರೇಷ್ಮೆ ಬಿಚ್ಚುವ ಹೆಣ್ಣುಮಗಳಿಗೆ ಕೈಬಂಡವಾಳ ಕೊಡುವವರು ಯಾರು ಎಂಬ ಪ್ರಶ್ನೆಗೆ ಆ ಘೋಷಣೆಯಲ್ಲಿ ಉತ್ತರವಿರಲಿಲ್ಲ.

ಮರುವರ್ಷ, 2010ರ ಅಕ್ಟೋಬರಿನಲ್ಲಿ, ಆತ್ಮಹತ್ಯೆಗಳ ಸುದ್ದಿಯ ನಡುವೆ ಆಂಧ್ರಪ್ರದೇಶ ಸರಕಾರ ಸುಗ್ರೀವಾಜ್ಞೆ ತಂದು ಈ ಸಂಸ್ಥೆಗಳ ವಸೂಲಿಗೆ ಕಡಿವಾಣ ಹಾಕಿತು. ಹಚ್ಚೊಳ್ಳಿಯಂಥ ಗಡಿಯ ಊರಿಗೆ ಇದರ ಅರ್ಥ ವಿಶೇಷವಾದುದು. 1953ರ ಅಕ್ಟೋಬರ್ 1ರವರೆಗೆ ಸಿರುಗುಪ್ಪ, ಆದೋನಿ ಎರಡೂ ಬಳ್ಳಾರಿ ಜಿಲ್ಲೆಯ ತಾಲೂಕುಗಳೇ. ಅಂದು ಸಿರುಗುಪ್ಪ ಮೈಸೂರಿಗೆ, ಆದೋನಿ ಆಂಧ್ರಕ್ಕೆ ಸೇರಿತು. ಭಾಷೆ, ನೆಂಟಸ್ತಿಕೆ, ಸಂತೆ ಗಡಿಯ ಆಚೀಚೆ ಬೆರೆತೇ ಇವೆ. ಆದರೆ 2010ರ ಬಳಿಕ ಆಚೆಯ ತಂಗಿಗೆ ಕಾನೂನಿನ ಆಸರೆ ಇತ್ತು, ಈಚೆಯ ಅಕ್ಕನಿಗೆ ಇರಲಿಲ್ಲ. ಬಡವನ ರಕ್ಷಣೆ ಅವನ ಕಷ್ಟವನ್ನು ನೋಡಿ ಬರಲಿಲ್ಲ. ಸರಕಾರದ ಇಚ್ಛೆಯನ್ನು ನೋಡಿ ಬಂತು. ರಾಜಕೀಯ ಹೊಣೆ ಎಂದರೇನೆಂದು ತಿಳಿಯಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಆಂಧ್ರದ ಬಿಕ್ಕಟ್ಟಿನ ಬಳಿಕ ರಿಸರ್ವ್ ಬ್ಯಾಂಕ್ ಮಾಲೇಗಾಂ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸುಗಳ ಆಧಾರದಲ್ಲಿ 2011ರಲ್ಲಿ ಬೇಲಿಯೊಂದು ಎದ್ದಿತು: ಬಡ್ಡಿಗೆ ಶೇ. 26ರ ಮಿತಿ, ಒಬ್ಬರಿಗೆ ಇಂಥ ಎರಡಕ್ಕಿಂತ ಹೆಚ್ಚು ಸಂಸ್ಥೆಗಳು ಸಾಲ ಕೊಡಬಾರದೆಂಬ ನಿಯಮ. 2022ರ ಏಪ್ರಿಲ್ 1ರಿಂದ ಹೊಸ ನಿಯಮಗಳು ಬಂದವು. ಬಡ್ಡಿಯ ಮಿತಿ ಹೋಯಿತು. ದರ ವಿಪರೀತವಾಗಿರಬಾರದೆಂಬ ಮಾತು ಉಳಿಯಿತು, ಆದರೆ ದರ ನಿರ್ಧಾರ ಸಂಸ್ಥೆಗಳ ಕೈಸೇರಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬದ ಒಟ್ಟು ಕಂತುಗಳು ಆದಾಯದ ಅರ್ಧವನ್ನು ಮೀರಬಾರದೆಂದು ನಿಯಮವಾಯಿತು. ಒಳ್ಳೆಯ ನಿಯಮವೇ. ಆದರೆ ಕೂಲಿಯ, ವ್ಯವಸಾಯದ ಮನೆಯ ಆದಾಯವನ್ನು ಅಂದಾಜಿಸುವವರು ಸಾಲ ಕೊಡುವವರೇ. ಸಾಲ ಹೆಚ್ಚಿದಷ್ಟೂ ಲಾಭವಿರುವವನ ಕೈಗೆ ತಕ್ಕಡಿ ಕೊಟ್ಟಂತಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಹಣಕಾಸು ಸಂಸ್ಥೆಗಳಿಗೆ ರಾಜ್ಯಗಳ ಲೇವಾದೇವಿ ಕಾಯಿದೆ ಅನ್ವಯಿಸುವುದಿಲ್ಲವೆಂದು ತೀರ್ಪು ನೀಡಿತು. ಇದರ ಜಾಡಿನಲ್ಲೇ 2023ರಲ್ಲಿ ತೆಲಂಗಾಣ ಹೈಕೋರ್ಟ್ ಆಂಧ್ರದ ಹಳೆಯ ಕಾಯಿದೆಯೂ ಅಂಥ ಸಂಸ್ಥೆಗಳಿಗೆ ಅನ್ವಯಿಸದು ಎಂದಿತು. ಕಾನೂನಿನ ದೃಷ್ಟಿಯಿಂದ ಅದು ಅಧಿಕಾರ ಹಂಚಿಕೆಯ ಪ್ರಶ್ನೆ. ಹಳ್ಳಿಯ ಸಾಲಗಾರ್ತಿಯ ದೃಷ್ಟಿಯಿಂದ ಅದರ ಅರ್ಥ ಸರಳ: ತಹಶೀಲ್ದಾರರ ಕಚೇರಿ ಹತ್ತಿರವಿದೆ, ಅಧಿಕಾರ ಮುಂಬೈಯಲ್ಲಿದೆ.

2025ರ ಜನವರಿಯಲ್ಲಿ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಬಂತು. ರಾಜ್ಯದ ಹಲವೆಡೆಗಳಿಂದ ಆತ್ಮಹತ್ಯೆಯ ವರದಿಗಳೂ ಬಂದವು. ಸಿದ್ದರಾಮಯ್ಯ ಸರಕಾರ ಸುಗ್ರೀವಾಜ್ಞೆ ಸಿದ್ಧಪಡಿಸಿತು. ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿ, ಫೆಬ್ರವರಿ 12ರಂದು ಅಂಕಿತ ಹಾಕಿದರು. ಕಿರುಕುಳದ ವಸೂಲಿಗೆ ಹತ್ತು ವರ್ಷಗಳವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಗೊತ್ತಾಯಿತು. ನೊಂದವರಿಗೆ ಇದರಿಂದ ಬಲ ಬಂದಿದೆ. ಆದರೆ ಈ ಕಾನೂನು ವಸೂಲಿಯ ಬಾಗಿಲಲ್ಲಿ ನಿಂತಿದೆ. ಸಾಲ ಕೊಡುವ ಬಾಗಿಲಲ್ಲಿ ಅಲ್ಲ. ಎಷ್ಟು ಬಡ್ಡಿ, ಎಷ್ಟು ಸಾಲ ಎಂಬುದು ರಿಸರ್ವ್ ಬ್ಯಾಂಕಿನ ವಿಷಯವೆಂದು ರಾಜ್ಯ ಹೇಳಬಹುದು. ಕಾನೂನು ಸುವ್ಯವಸ್ಥೆ ರಾಜ್ಯದ್ದೆಂದು ಕೇಂದ್ರ ಹೇಳಬಹುದು. ಅಮೇರಿಕದಲ್ಲಿ 2004ರಲ್ಲಿ ಬಿದ್ದ ಬಿರುಕು ಇಂಥದೇ. ಇಬ್ಬರು ಕಾವಲುಗಾರರ ನಡುವಿನ ಜಾಗದಲ್ಲೇ ಹೊಲ ಮೇಯುವುದು.

ಇಸ್ಲಾಮೀ ಇತಿಹಾಸವು ಈ ಹೊಣೆಯನ್ನು ಹಂಚಿಹಾಕದೆ ಆಡಳಿತದ ಹೆಗಲಿಗೇ ಏರಿಸಿತ್ತು. ಪ್ರವಾದಿ ಮುಹಮ್ಮದ್(ಸ)ರು ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ಅಡಿಯಲ್ಲಿದ್ದ ಒದ್ದೆ ಕಾಳನ್ನು ಹೊರತೆಗೆದು ವರ್ತಕನನ್ನು ಪ್ರಶ್ನಿಸಿದ ಘಟನೆ ನಮಗೆಲ್ಲ ಗೊತ್ತು. ಕೊಳ್ಳುವವನೇ ನೋಡಿಕೊಳ್ಳಲಿ ಎಂದು ಅವರು ಮುಂದೆ ಸಾಗಲಿಲ್ಲ. ಮುಂದೆ ಮುಸ್ಲಿಮ್ ನಗರಗಳಲ್ಲಿ ತೂಕ, ಅಳತೆ, ವ್ಯವಹಾರಗಳನ್ನು ಪರಿಶೀಲಿಸುವ ಮುಹ್ತಸಿಬ್ ಎಂಬ ಹುದ್ದೆ ಬೆಳೆದದ್ದು ಈ ಮಾದರಿಯಿಂದಲೇ. ಆರಂಭದಲ್ಲಿ ಪ್ರವಾದಿ(ಸ)ರು, ಸಾಲ ಉಳಿಸಿ ಮೃತಪಟ್ಟವನು ಅದನ್ನು ತೀರಿಸಲು ಏನನ್ನೂ ಬಿಟ್ಟುಹೋಗಿರದಿದ್ದರೆ ಜನಾಝ ನಮಾಝನ್ನು ಸಂಗಾತಿಗಳಿಗೆ ವಹಿಸುತ್ತಿದ್ದರು. ಸಂಪನ್ಮೂಲ ಒದಗಿದ ಬಳಿಕ ಅಂಥವರ ಸಾಲವನ್ನು ತಾವೇ ವಹಿಸಿಕೊಂಡರು. ಝಕಾತಿನ ಎಂಟು ಹಕ್ಕುದಾರ ವರ್ಗಗಳಲ್ಲಿ ಸಾಲಗ್ರಸ್ತರದ್ದೂ ಒಂದು. ಸಾಲ ಮನುಷ್ಯನ ಖಾಸಗಿ ಅಪಮಾನವಾಗಿ ಉಳಿಯದೆ ಸಮಾಜದ ಹೊಣೆಯಾದದ್ದು ಹೀಗೆ.

ಹಿಜರಿ 10ರ ವಿದಾಯ ಹಜ್ಜ್‌ನಲ್ಲಿ ಬಡ್ಡಿಯನ್ನು ರದ್ದುಗೊಳಿಸಿ ಸಾರುವಾಗ ಪ್ರವಾದಿ(ಸ)ರು ಮೊದಲು ರದ್ದುಪಡಿಸಿದ್ದು ತಮ್ಮ ಚಿಕ್ಕಪ್ಪ ಅಬ್ಬಾಸ್(ರ)ರಿಗೆ ಬರಬೇಕಿದ್ದ ಬಡ್ಡಿಯನ್ನು. ಕಾನೂನು ತನ್ನ ಮನೆಯಿಂದ ಶುರುವಾಗಬೇಕೆಂಬ ಈ ಮೇಲ್ಪಂಕ್ತಿ ಆಳುವವರಿಗೆ ಮಾತ್ರವಲ್ಲ, ನಮಗೂ ಅನ್ವಯಿಸುತ್ತದೆ.

ನಮ್ಮ ಮನೆಯನ್ನು ನೋಡೋಣ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದಾಗ ಹಣ ಕಳೆದುಕೊಂಡ ಹತ್ತಾರು ಸಾವಿರ ಹೂಡಿಕೆದಾರರಲ್ಲಿ ಬಹುಪಾಲು ಮುಸ್ಲಿಮರು. ಹಲಾಲ್ ಎಂಬ ಪದವೇ ಅಲ್ಲಿ ಜಾಮೀನಾಗಿತ್ತು. ಠೇವಣಿದಾರರ ರಕ್ಷಣೆಗೆ ಕರ್ನಾಟಕದಲ್ಲಿ 2004ರಿಂದಲೂ ಕಾಯಿದೆಯಿತ್ತು. ಆದರೂ ಸಂಸ್ಥೆ ವರ್ಷಗಟ್ಟಲೆ ಬೆಳೆಯಿತು. ಅದರ ವಿಚಾರಣೆ ನಡೆಸಿದ್ದ ಅಧಿಕಾರಿ ಲಂಚದ ಆರೋಪದಲ್ಲಿ, ಮಾಜಿ ಸಚಿವರೊಬ್ಬರು 2020ರಲ್ಲಿ ಸಿಬಿಐಯಿಂದ ಬಂಧಿತರಾದರು. ಆರೋಪವನ್ನು ತೀರ್ಪೆಂದು ಭಾವಿಸುವುದು ನಮ್ಮ ಧರ್ಮವಲ್ಲ. ಆದರೆ ವೇದಿಕೆಯಲ್ಲಿ ಕೂತವರ ಮುಖ ನೋಡಿ ಹಣ ಕೊಡುವುದೂ, ದಾನ ಪಡೆದ ಮಾತ್ರಕ್ಕೆ ವ್ಯಾಪಾರವನ್ನು ಹೊಗಳುವುದೂ ಧರ್ಮವಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಸರಕಾರಕ್ಕೆ ಸಲ್ಲುವಷ್ಟೇ ಸಮುದಾಯದ ಮುಂದಾಳುಗಳಿಗೂ ಸಲ್ಲುತ್ತದೆ.

ಹಾಗಾದರೆ ನಮ್ಮ ಜಮಾಅತ್‌ಗಳು ಮಾಡಬಹುದಾದದ್ದು ಏನು? ಝಕಾತ್ ಹಂಚುವಾಗ ಸಾಲಗ್ರಸ್ತರ ಪಾಲನ್ನು ಮರೆಯದೆ ತೆಗೆದಿಡಬಹುದು. ನಾಟಿಯ ಹಂಗಾಮಿಗೆ ಮುನ್ನ ಬಡ್ಡಿರಹಿತ ಕೈಸಾಲದ ನಿಧಿಯೊಂದನ್ನು, ಕುರ್‌ಆನ್ ಹೇಳಿದಂತೆ ಬರಹ ಮತ್ತು ಸಾಕ್ಷಿಗಳೊಂದಿಗೆ, ಲೆಕ್ಕವನ್ನು ಎಲ್ಲರ ಮುಂದಿಟ್ಟು ನಡೆಸಬಹುದು. ಕಿರುಕುಳಕ್ಕೊಳಗಾದ ತಾಯಂದಿರ ಜೊತೆ, ಅವರು ಯಾವ ಧರ್ಮದವರಾದರೂ, ಪೊಲೀಸ್ ಠಾಣೆಯವರೆಗೆ ಹೋಗಬಹುದು. ಮತ ಕೇಳಲು ಬಂದವರಲ್ಲಿ ರಸ್ತೆ, ಚರಂಡಿಯ ಜೊತೆಗೆ ಇದನ್ನೂ ಕೇಳಬಹುದು: ಬಡ್ಡಿಯ ಮಿತಿ ತೆಗೆದಾಗ ನೀವು ಎಲ್ಲಿದ್ದಿರಿ? ಮರಳಿ ತರಲು ಏನು ಮಾಡುವಿರಿ?

ಆಡಳಿತಗಾರನನ್ನು ಕುರಿ ಕಾಯುವವನಿಗೆ ಹೋಲಿಸಿ, ಅವನು ತನ್ನ ಪ್ರಜೆಗಳ ಕುರಿತು ಅಲ್ಲಾಹನ ಮುಂದೆ ಉತ್ತರಿಸಬೇಕಾಗುವುದೆಂದು ಪ್ರವಾದಿ(ಸ)ರು ಎಚ್ಚರಿಸಿದ್ದಾರೆ. ಪರಲೋಕದ ಆ ವಿಚಾರಣೆ ಅಲ್ಲಾಹನಿಗೆ ಬಿಟ್ಟದ್ದು. ಇಹದಲ್ಲಿ ಪ್ರಶ್ನೆ ಕೇಳುವ ಕೆಲಸ ನಮ್ಮದು. ಸಾಲದ ಹೊರೆಯಿಂದ ಪ್ರವಾದಿ(ಸ)ರು ಅಲ್ಲಾಹನಲ್ಲಿ ಅಭಯ ಯಾಚಿಸುತ್ತಿದ್ದರು. ಆ ಪ್ರಾರ್ಥನೆ ನಮ್ಮದೂ ಆಗಲಿ, ನೆರೆಹೊರೆಯ ಪ್ರತಿಯೊಂದು ಮನೆಯ ಪರವಾಗಿಯೂ ಆಗಲಿ.